ನಗೆಗೂ ಬೇಕಿತ್ತು ಅಪ್ಪಣೆ

1673ರ ಫೆಬ್ರವರಿ 21ರ ರಾತ್ರಿ ಪ್ಯಾರಿಸ್ ನಗರದಲ್ಲಿ ಒಂದು ಶವಸಂಸ್ಕಾರ ನಡೆಯಿತು. ಸತ್ತಾತ ಸಾಮಾನ್ಯನಲ್ಲ. ದೊರೆ ಹದಿನಾಲ್ಕನೆಯ ಲೂಯಿಯನ್ನೂ ಅವನ ಆಸ್ಥಾನವನ್ನೂ ಹದಿನಾಲ್ಕು ವರ್ಷಗಳ ಕಾಲ ನಗಿಸಿದ ನಟ, ನಾಟಕಕಾರ ಮೊಲಿಯೇರ್. ನಾಲ್ಕು ದಿನಗಳ ಹಿಂದೆ, ಇಲ್ಲದ ರೋಗವನ್ನು ಇದೆಯೆಂದು ನಂಬಿಕೊಂಡವನ ಪಾತ್ರದಲ್ಲಿ ಆತ ರಂಗದ ಮೇಲಿದ್ದಾಗಲೇ ನಿಜವಾದ ರೋಗ ಅವನನ್ನು ಹಿಡಿದು ಅಲುಗಿಸಿತು. ಹೇಗೋ ಆಟ ಮುಗಿಸಿ ಮನೆ ಸೇರಿದವನು ಕೆಲವೇ ಗಂಟೆಗಳಲ್ಲಿ ಕಣ್ಣು ಮುಚ್ಚಿದ. ಆದರೆ ಅವನನ್ನು ಹೂಳಲು ಚರ್ಚಿನ ಪಾದ್ರಿ ಒಪ್ಪಲಿಲ್ಲ. ಸಾಯುವ ಮುನ್ನ ತನ್ನ ವೃತ್ತಿಯನ್ನು ತೊರೆಯುವುದಾಗಿ ಹೇಳದ ನಟನಿಗೆ ಪವಿತ್ರ ಭೂಮಿಯಲ್ಲಿ ಜಾಗವಿಲ್ಲ ಎಂಬುದು ಅಂದಿನ ಕಟ್ಟಳೆ. ಪತ್ನಿ ಅರ್ಮಾಂಡ್ ದೊರೆಯ ಬಳಿ ಹೋಗಿ ಮೊರೆಯಿಟ್ಟ ಮೇಲೆ ಅನುಮತಿಯೇನೋ ಸಿಕ್ಕಿತು. ಆದರೆ ಹಗಲಲ್ಲ, ಕತ್ತಲಾದ ಮೇಲೆ. ಯಾವ ಆಡಂಬರವೂ ಇಲ್ಲದೆ.

ಈ ಕಟ್ಟಳೆ ಎಲ್ಲ ನಟರಿಗೂ ಅನ್ವಯಿಸುತ್ತಿತ್ತು, ನಿಜ. ಆದರೆ ಮೊಲಿಯೇರನ ಮೇಲೆ ಧರ್ಮಾಧಿಕಾರಿಗಳಿಗಿದ್ದ ಮುನಿಸಿಗೆ ಬೇರೊಂದು ಕಾರಣವೂ ಇತ್ತು. ಅದು ಒಂದು ನಾಟಕ. ಐದು ವರ್ಷ ಬಹಿಷ್ಕಾರಕ್ಕೆ ಗುರಿಯಾಗಿದ್ದ ಒಂದು ನಗೆನಾಟಕ.

ಪಾಶ್ಚಾತ್ಯ ರಂಗಭೂಮಿಯ ಹರ್ಷನಾಟಕಕ್ಕೆ, ಅಂದರೆ ‘ಕಾಮೆಡಿ’ಗೆ, ಸುಮಾರು 2,500 ವರ್ಷಗಳ ಇತಿಹಾಸವಿದೆ. ಗ್ರೀಕರ ಹಳೆಯ ಕಾಮೆಡಿ, ಹೊಸ ಕಾಮೆಡಿ, ಇಟಲಿಯ ಮುಖವಾಡದ ಆಟ, ಷೇಕ್ಸ್‌ಪಿಯರನ ಪ್ರಣಯ ವಿನೋದ, ಶಿಷ್ಟಾಚಾರದ ಕಾಮೆಡಿ, ಪ್ರಹಸನ ಎಂದು ಪಠ್ಯಪುಸ್ತಕಗಳು ಅದನ್ನು ಬಗೆಬಗೆಯಾಗಿ ವಿಂಗಡಿಸುತ್ತವೆ. ಕಾಲಕ್ಕೆ ತಕ್ಕಂತೆ ಜನರ ಅಭಿರುಚಿ ಬದಲಾದಾಗ ಶೈಲಿಯೂ ಬದಲಾಯಿತು ಎನ್ನುವುದು ಸಾಮಾನ್ಯ ವಿವರಣೆ. ಅದು ಸುಳ್ಳಲ್ಲ. ಆದರೆ ಈ ಶೈಲಿಗಳ ಹಿಂದೆ ಮತ್ತೊಂದು ಪ್ರಶ್ನೆ ಉದ್ದಕ್ಕೂ ಕೆಲಸ ಮಾಡಿದೆ. ಯಾರನ್ನು ನೋಡಿ ನಗಬಹುದು? ಅದಕ್ಕೆ ಅಪ್ಪಣೆ ಕೊಡುವವರು ಯಾರು? ಅಪ್ಪಣೆಯ ಅಳತೆ ಹಿಗ್ಗಿದಂತೆ, ಕುಗ್ಗಿದಂತೆ ನಗೆಯ ರೂಪವೂ ಬದಲಾಗುತ್ತ ಬಂದಿರುವುದನ್ನು ಕಾಣಬಹುದು.

ಅಥೆನ್ಸಿನ ಬಿಚ್ಚು ಮಾತು

‘ಕಾಮೆಡಿ’ ಪದದ ಮೂಲ ಗ್ರೀಕ್ ಭಾಷೆಯ ‘ಕೋಮೋಸ್’. ಕುಡಿದು ಹಾಡುತ್ತ ಕುಣಿಯುತ್ತ ಸಾಗುವ ಮೆರವಣಿಗೆ ಎಂದು ಅದರ ಅರ್ಥ. ಮದ್ಯದ ದೇವತೆ ಡಯೋನೈಸಸ್ಸನ ಹಬ್ಬದಲ್ಲಿ ಅಥೆನ್ಸಿನ ಜನ ನಾಟಕ ಸ್ಪರ್ಧೆ ನಡೆಸುತ್ತಿದ್ದರು. ಅಲ್ಲಿ ಮೊದಲು ಮನ್ನಣೆ ಸಿಕ್ಕಿದ್ದು ರುದ್ರನಾಟಕಕ್ಕೆ. ಕಾಮೆಡಿಗೆ ಅಧಿಕೃತ ಸ್ಥಾನ ದೊರೆತದ್ದು ಕ್ರಿ.ಪೂ. 486ರಲ್ಲಿ. ಆರಂಭದಲ್ಲಿ ಯಾರೂ ಅದನ್ನು ಗಂಭೀರವಾಗಿ ಪರಿಗಣಿಸದ ಕಾರಣ ಅದರ ಹುಟ್ಟಿನ ವಿವರಗಳು ಉಳಿಯಲಿಲ್ಲ ಎಂದು ತತ್ತ್ವಜ್ಞಾನಿ ಅರಿಸ್ಟಾಟಲನೇ ತನ್ನ ಕಾವ್ಯಮೀಮಾಂಸೆಯಲ್ಲಿ ಹೇಳಿದ್ದಾನೆ.

ಈ ಹಳೆಯ ಕಾಮೆಡಿಯ ಸ್ವರೂಪ ಇಂದು ನಮಗೆ ತಿಳಿದಿರುವುದು ಮುಖ್ಯವಾಗಿ ಒಬ್ಬನೇ ಕವಿಯಿಂದ. ಆತ ಅರಿಸ್ಟೊಫನೀಸ್. ಬರೆದ ಸುಮಾರು 40 ನಾಟಕಗಳಲ್ಲಿ 11 ಪೂರ್ಣವಾಗಿ ಉಳಿದಿವೆ. ಅವುಗಳಲ್ಲಿ ಕಥೆಗಿಂತ ಒಂದು ವಿಚಿತ್ರ ಕಲ್ಪನೆಯೇ ಮುಖ್ಯ. ಯುದ್ಧದಿಂದ ಬೇಸತ್ತ ರೈತನೊಬ್ಬ ಶತ್ರುವಿನೊಡನೆ ತನ್ನೊಬ್ಬನಿಗಾಗಿ ಪ್ರತ್ಯೇಕ ಸಂಧಿ ಮಾಡಿಕೊಳ್ಳುತ್ತಾನೆ. ಗಂಡಸರು ಯುದ್ಧ ನಿಲ್ಲಿಸುವ ತನಕ ಅವರ ಹಾಸಿಗೆಗೆ ಹೋಗುವುದಿಲ್ಲವೆಂದು ಹೆಂಗಸರೆಲ್ಲ ಶಪಥ ಮಾಡುತ್ತಾರೆ. ನಾಟಕದ ನಡುವೆ 24 ಜನರ ಮೇಳ ಕಥೆಯನ್ನು ಬದಿಗಿಟ್ಟು, ಪ್ರೇಕ್ಷಕರತ್ತ ತಿರುಗಿ, ಕವಿಯ ಪರವಾಗಿ ನೇರವಾಗಿ ಮಾತಾಡುತ್ತದೆ. ಊರಿನ ದೊಡ್ಡವರ ಹೆಸರು ಹಿಡಿದೇ ಲೇವಡಿ ನಡೆಯುತ್ತದೆ.

ಆ ದಿನಗಳಲ್ಲಿ ಅಥೆನ್ಸಿನ ರಾಜಕಾರಣದಲ್ಲಿ ಕ್ಲಿಯಾನ್ ಎಂಬ ಚರ್ಮ ಹದಮಾಡಿಸುವ ಉದ್ಯಮದ ಶ್ರೀಮಂತನ ಕೈ ಮೇಲಾಗಿತ್ತು. ಕ್ರಿ.ಪೂ. 426ರ ನಾಟಕವೊಂದರಲ್ಲಿ ಪರವೂರಿನವರ ಎದುರು ನಗರದ ಮಾನ ಕಳೆದನೆಂದು ಆತ ಅರಿಸ್ಟೊಫನೀಸನ ಮೇಲೆ ದೂರು ಕೊಟ್ಟ. ಕವಿ ಬೆದರಲಿಲ್ಲ. ಎರಡೇ ವರ್ಷಗಳಲ್ಲಿ ‘ಅಶ್ವಯೋಧರು’ ಎಂಬ ನಾಟಕ ಬರೆದು, ಕ್ಲಿಯಾನನನ್ನು ಯಜಮಾನನ ಕಿವಿಯೂದಿ ಮನೆ ಲೂಟಿ ಮಾಡುವ ಆಳಾಗಿ ತೋರಿಸಿದ. ಆ ಮುದಿ ಯಜಮಾನನ ಹೆಸರು ‘ಡೆಮೋಸ್’, ಅಂದರೆ ‘ಪ್ರಜೆ’! ತಮ್ಮನ್ನೇ ಮಂಕು ಮುದುಕನಾಗಿ ಚಿತ್ರಿಸಿದ ಆ ನಾಟಕಕ್ಕೆ ಅಥೆನ್ಸಿನವರು ಮೊದಲ ಬಹುಮಾನ ಕೊಟ್ಟರು. ಸ್ವಲ್ಪ ದಿನಗಳಲ್ಲೇ ಅದೇ ಕ್ಲಿಯಾನನನ್ನು ಸೇನಾಪತಿಯಾಗಿಯೂ ಆರಿಸಿದರು. ನಗುವುದು ಬೇರೆ, ಮತ ಹಾಕುವುದು ಬೇರೆ ಎಂಬುದು ಅಷ್ಟು ಹಳೆಯ ಸತ್ಯ.

ಆದರೆ ನಗೆಯ ಕತ್ತಿಗೆ ಎರಡೂ ಕಡೆ ಅಲಗು. ಕ್ರಿ.ಪೂ. 423ರ ‘ಮೋಡಗಳು’ ನಾಟಕದಲ್ಲಿ ಅರಿಸ್ಟೊಫನೀಸ್ ತತ್ತ್ವಜ್ಞಾನಿ ಸಾಕ್ರೆಟಿಸನನ್ನು ಬುಟ್ಟಿಯಲ್ಲಿ ತೂಗಾಡುತ್ತ ಆಕಾಶ ನೋಡುವ ಬೂಟಾಟಿಕೆಯವನಾಗಿ ಚಿತ್ರಿಸಿದ. ಸ್ಪರ್ಧೆಯಲ್ಲಿ ಅದಕ್ಕೆ ಕೊನೆಯ ಸ್ಥಾನ ಬಂತು. 24 ವರ್ಷಗಳ ನಂತರ, ಯುವಕರನ್ನು ಕೆಡಿಸಿದ ಆರೋಪದ ಮೇಲೆ ಸಾಕ್ರೆಟಿಸ್ ವಿಚಾರಣೆಗೆ ನಿಂತಾಗ, ತನ್ನ ಬಗ್ಗೆ ಜನಮನದಲ್ಲಿ ಬೇರೂರಿದ ತಪ್ಪು ಕಲ್ಪನೆಗೆ ಆ ನಾಟಕವನ್ನೇ ಉದಾಹರಣೆಯಾಗಿ ಎತ್ತಿ ಹೇಳಿದನೆಂದು ಶಿಷ್ಯ ಪ್ಲೇಟೊ ದಾಖಲಿಸಿದ್ದಾನೆ. ನಾಟಕದಿಂದಲೇ ಸಾಕ್ರೆಟಿಸನಿಗೆ ವಿಷದ ಬಟ್ಟಲು ಬಂತೆನ್ನುವುದು ಸರಿಯಾಗದು. ಆದರೆ ಅಧಿಕಾರಸ್ಥನಾದ ಕ್ಲಿಯಾನನಿಗೆ ತಟ್ಟದ ನಗೆ, ಅಧಿಕಾರವಿಲ್ಲದ ಸಾಕ್ರೆಟಿಸನನ್ನು ಬಹುಕಾಲ ಹಿಂಬಾಲಿಸಿತು ಎಂಬುದು ಯೋಚಿಸಬೇಕಾದ ಸಂಗತಿ.

ವ್ಯಕ್ತಿ ಹೋಗಿ ಮಾದರಿ ಬಂದದ್ದು

ಕ್ರಿ.ಪೂ. 404ರಲ್ಲಿ ಅಥೆನ್ಸ್ ಯುದ್ಧದಲ್ಲಿ ಸೋತಿತು. ಮುಂದೆ ಮ್ಯಾಸಿಡೋನಿಯದ ದೊರೆಗಳ ಹಿಡಿತಕ್ಕೆ ಬಂತು. ನಗರದ ಆಗುಹೋಗು ನಾಗರಿಕರ ಕೈಯಲ್ಲಿ ಉಳಿಯದೆ ಹೋದಾಗ ರಾಜಕೀಯ ಲೇವಡಿಯೂ ಸೊರಗಿತು. ನಾಟಕ ಬೀದಿಯಿಂದ ಮನೆಯೊಳಕ್ಕೆ ಸರಿಯಿತು. ಇದೇ ‘ಹೊಸ ಕಾಮೆಡಿ’. ಇದರ ಪ್ರಮುಖ ಲೇಖಕ ಮೆನಾಂಡರ್ ನೂರಕ್ಕೂ ಹೆಚ್ಚು ನಾಟಕಗಳನ್ನು ಬರೆದರೂ ಅವು ಕಾಲಗರ್ಭದಲ್ಲಿ ಕಣ್ಮರೆಯಾಗಿದ್ದವು. ಈಜಿಪ್ಟಿನ ಪಪೈರಸ್ ಹಾಳೆಗಳಲ್ಲಿ ಸಿಕ್ಕ ಒಂದು ಇಡೀ ನಾಟಕ ಅಚ್ಚಾದದ್ದು 1958ರಲ್ಲಿ. ಯಾರನ್ನೂ ಕಂಡರಾಗದ ಸಿಡುಕು ಮುದುಕ, ಅವನ ಮಗಳನ್ನು ಮೆಚ್ಚಿದ ತರುಣ, ಕೊನೆಗೆ ಬಾವಿಗೆ ಬಿದ್ದು ಪರರ ನೆರವಿನಿಂದ ಮೇಲೆ ಬಂದು ತುಸು ಮೆತ್ತಗಾಗುವ ಮುದುಕ. ಇಷ್ಟೇ ಅದರ ಕಥೆ. ಕ್ಲಿಯಾನನಂಥ ನಿಜವಾದ ವ್ಯಕ್ತಿಗೆ ಇಲ್ಲಿ ಜಾಗವಿಲ್ಲ. ಬದಲಿಗೆ ಎಲ್ಲ ಊರಿನಲ್ಲೂ ಇರುವ ‘ಮಾದರಿ’ಗಳು: ಜಿಪುಣ ಅಪ್ಪ, ಪ್ರೇಮಜ್ವರದ ಮಗ, ಚತುರ ಆಳು, ಬಡಾಯಿಕೋರ ಸಿಪಾಯಿ.

ಈ ಮಾದರಿಗಳನ್ನು ರೋಮಿಗೆ ತಂದವರು ಪ್ಲಾಟಸ್ ಮತ್ತು ಟೆರೆನ್ಸ್. ಪ್ಲಾಟಸನ ಸುಮಾರು 20 ನಾಟಕಗಳೂ ಟೆರೆನ್ಸನ ಆರು ನಾಟಕಗಳೂ ಉಳಿದಿವೆ. ಟೆರೆನ್ಸ್ ಗುಲಾಮನಾಗಿ ರೋಮಿಗೆ ಬಂದು ಬಿಡುಗಡೆ ಪಡೆದವನೆಂದು ಪ್ರತೀತಿ. ರೋಮಿನ ಆಳುವ ವರ್ಗಕ್ಕೆ ರಂಗಭೂಮಿಯ ಬಗ್ಗೆ ಸದಾ ಅನುಮಾನ. ಕ್ರಿ.ಪೂ. ಎರಡನೆಯ ಶತಮಾನದ ನಡುವೆ ಕಟ್ಟುತ್ತಿದ್ದ ಕಲ್ಲಿನ ನಾಟಕಶಾಲೆಯೊಂದನ್ನು ಸೆನೆಟ್ ಸಭೆ ಕೆಡವಿಸಿತು. ನಗರದ ಮೊದಲ ಶಾಶ್ವತ ರಂಗಮಂದಿರ ತೆರೆದದ್ದು ಕ್ರಿ.ಪೂ. 55ರಲ್ಲಿ. ಅಲ್ಲಿಯವರೆಗೆ ಹಬ್ಬಕ್ಕೆ ಮರದ ವೇದಿಕೆ ಕಟ್ಟುವುದು, ಹಬ್ಬ ಮುಗಿದೊಡನೆ ಬಿಚ್ಚುವುದು.

ಇಂಥ ಕಡೆ ಪ್ಲಾಟಸ್ ಕಂಡುಕೊಂಡ ಉಪಾಯ ಸರಳವಾದದ್ದು. ಅವನ ಕಥೆಗಳು ನಡೆಯುವುದು ಗ್ರೀಕ್ ಊರುಗಳಲ್ಲಿ. ಪಾತ್ರಗಳು ತೊಡುವುದು ಗ್ರೀಕ್ ಉಡುಪು. ಆಳು ಯಜಮಾನನ ಕಣ್ಣಿಗೆ ಮಣ್ಣೆರಚುತ್ತಾನೆ, ಮಗ ಅಪ್ಪನಿಗೆ ಟೋಪಿ ಹಾಕುತ್ತಾನೆ. ಆದರೆ ಅದೆಲ್ಲ ಅಲ್ಲಿ, ಆ ಗ್ರೀಕರಲ್ಲಿ! ಗುಲಾಮನನ್ನು ಚಾವಟಿಯಿಂದ ಹೊಡೆಯಲು, ಶಿಲುಬೆಗೇರಿಸಲು ಅವಕಾಶವಿದ್ದ ರೋಮಿನಲ್ಲಿ, ಗುಲಾಮನೇ ಗೆಲ್ಲುವ ಕಥೆಗಳನ್ನು ನೋಡಿ ಯಜಮಾನರು ನಕ್ಕರು. ಹಬ್ಬ ಮುಗಿದ ಮೇಲೆ ವೇದಿಕೆಯ ಜೊತೆ ಆ ಗೆಲುವನ್ನೂ ಬಿಚ್ಚಿಡಲಾಗುತ್ತಿತ್ತು. ಕಥೆಯನ್ನು ದೂರದ ಊರಿಗೆ ಸಾಗಿಸುವುದು, ವ್ಯಕ್ತಿಯ ಬದಲು ಮಾದರಿಯನ್ನು ತೋರಿಸುವುದು, ಕೊನೆಗೆ ಎಲ್ಲವನ್ನೂ ಸುಖಾಂತಗೊಳಿಸುವುದು. ಈ ಮೂರು ಗುರಾಣಿಗಳನ್ನು ಮುಂದಿನ ಎರಡು ಸಾವಿರ ವರ್ಷ ಯೂರೋಪಿನ ನಗೆನಾಟಕಕಾರರು ಕೆಳಗಿಡಲಿಲ್ಲ.

ಮುಖವಾಡದ ಮೇಳಗಳು

ರೋಮ್ ಸಾಮ್ರಾಜ್ಯ ಕುಸಿದ ಮೇಲೆ ನಾಟಕಶಾಲೆಗಳು ಹಾಳುಬಿದ್ದವು. ಚರ್ಚು ನಟರನ್ನು ದೂರವಿಟ್ಟಿತು. ನಗೆ ಮಾತ್ರ ಸಂತೆ, ಜಾತ್ರೆಗಳ ವಿದೂಷಕರಲ್ಲಿ ಉಳಿಯಿತು. ವಿಚಿತ್ರವೆಂದರೆ ಟೆರೆನ್ಸನ ನಾಟಕಗಳು ಕ್ರೈಸ್ತ ಮಠಗಳಲ್ಲಿ ಲ್ಯಾಟಿನ್ ಪಾಠವಾಗಿ ಬದುಕಿದವು. ಹತ್ತನೆಯ ಶತಮಾನದಲ್ಲಿ ಜರ್ಮನಿಯ ಹ್ರೋಟ್ಸ್‌ವಿತಾ ಎಂಬ ಸಂನ್ಯಾಸಿನಿ ಅವನ್ನು ಮೆಚ್ಚಿ, ಅವುಗಳ ಪೋಲಿತನಕ್ಕೆ ಉತ್ತರವಾಗಿ ಧಾರ್ಮಿಕ ನಾಟಕಗಳನ್ನೇ ಬರೆದಳು.

ವೃತ್ತಿ ನಾಟಕ ಮತ್ತೆ ತಲೆಯೆತ್ತಿದ್ದು ಇಟಲಿಯಲ್ಲಿ. 1545ರ ಫೆಬ್ರವರಿಯಲ್ಲಿ ಪಡುವಾ ನಗರದ ಎಂಟು ಜನ ಸೇರಿ, ಊರೂರು ತಿರುಗಿ ಆಟವಾಡಿ ಬಂದ ಹಣವನ್ನು ಹಂಚಿಕೊಳ್ಳಲು ಕರಾರು ಪತ್ರ ಬರೆಸಿಕೊಂಡರು. ವೃತ್ತಿ ಮೇಳಗಳ ಇತಿಹಾಸದಲ್ಲಿ ಇದು ಮುಖ್ಯ ದಾಖಲೆ. ಇವರ ಕಲೆಗೆ ಮುಂದೆ ‘ಕೊಮೆಡಿಯಾ ದೆಲ್ಲಾರ್ತೆ’ ಎಂಬ ಹೆಸರು ಬಂತು. ಕಸುಬುದಾರರ ಕಾಮೆಡಿ ಎಂದು ಅರ್ಥ ಮಾಡಿಕೊಳ್ಳಬಹುದು.

ಈ ಆಟಗಳಿಗೆ ಬರೆದಿಟ್ಟ ಮಾತಿರಲಿಲ್ಲ. ಯಾವ ದೃಶ್ಯದಲ್ಲಿ ಯಾರು ಬರಬೇಕು, ಏನು ನಡೆಯಬೇಕು ಎಂಬ ಸ್ಥೂಲ ಕಥಾಸೂತ್ರವಿರುವ ಹಾಳೆಯನ್ನು ತೆರೆಯ ಹಿಂದೆ ತೂಗುಹಾಕುತ್ತಿದ್ದರು. ಉಳಿದದ್ದೆಲ್ಲ ನಟರ ಆಶುಭಾಷಣ. ಒಬ್ಬ ನಟ ಸಾಮಾನ್ಯವಾಗಿ ಜೀವನಪರ್ಯಂತ ಒಂದೇ ಪಾತ್ರಕ್ಕೆ ಮೀಸಲು. ವೆನಿಸ್ಸಿನ ಲೋಭಿ ವರ್ತಕ ಪಾಂತಲೋನೆ, ಬೊಲೋನ್ಯಾದ ವಾಚಾಳಿ ಪಂಡಿತ ದೊತ್ತೋರೆ, ಸ್ಪೇನಿನ ಬಡಾಯಿ ಕಪಿತಾನೋ, ಬೆರ್ಗಮೋದಿಂದ ಹೊಟ್ಟೆಪಾಡಿಗೆ ಬಂದ ಆಳು ಆರ್ಲೆಕ್ಕೀನೊ. ಇವರಿಗೆ ತೊಗಲಿನ ಅರ್ಧ ಮುಖವಾಡ. ಪ್ರೇಮಿಗಳಿಗೆ ಮಾತ್ರ ಮುಖವಾಡವಿಲ್ಲ. ಆರ್ಲೆಕ್ಕೀನೊನ ಸೊಂಟದಲ್ಲಿ ಎರಡು ಸೀಳಿನ ಮರದ ಕೋಲು. ಮೆಲ್ಲಗೆ ತಟ್ಟಿದರೂ ‘ಫಟ್’ ಎಂದು ದೊಡ್ಡ ಸದ್ದು. ಹೊಡೆದಾಟ, ಬೀಳಾಟದ ಹಾಸ್ಯಕ್ಕೆ ಇಂಗ್ಲಿಷಿನಲ್ಲಿ ‘ಸ್ಲ್ಯಾಪ್‌ಸ್ಟಿಕ್’ ಎಂಬ ಹೆಸರು ಬಂದದ್ದು ಇಂಥ ಕೋಲಿನಿಂದಲೇ.

ಈ ಮೇಳಗಳಲ್ಲಿ ಹೆಂಗಸರು ಹೆಂಗಸರ ಪಾತ್ರ ಮಾಡಿದರು. ಇಸಬೆಲ್ಲಾ ಆಂದ್ರೆಯಿನಿ (1562-1604) ಅವರಲ್ಲಿ ಬಹು ಪ್ರಸಿದ್ಧಳು. ನಟಿ ಮಾತ್ರವಲ್ಲ, ಕವಯಿತ್ರಿ ಕೂಡ. ಬರೆದ ಮಾತಿಲ್ಲದ ಕಾರಣ ಮೇಳಗಳಿಗೆ ಒಂದು ಅನುಕೂಲವೂ ಇತ್ತು. ಮುಂಚಿತವಾಗಿ ಓದಿ ತಡೆಯಲು ಅಧಿಕಾರಿಗಳ ಕೈಗೆ ಏನೂ ಸಿಗುತ್ತಿರಲಿಲ್ಲ. ಸಿಟ್ಟು ಬಂದರೆ ಮೇಳವನ್ನೇ ಓಡಿಸಬೇಕು. 1697ರಲ್ಲಿ ಪ್ಯಾರಿಸ್ಸಿನಲ್ಲಿ ಆದದ್ದು ಅದೇ. ದೊರೆಯ ಗುಟ್ಟಿನ ಪತ್ನಿ ಮದಾಮ್ ದ ಮಾಂತನೋಳನ್ನು ಹಂಗಿಸಿದರೆಂಬ ಗುಮಾನಿಯ ಮೇಲೆ ಇಟಲಿಯ ನಟರನ್ನು ಅಲ್ಲಿಂದ ಹೊರಗಟ್ಟಲಾಯಿತು. ಅವರಿಗೆ ಮತ್ತೆ ಬಾಗಿಲು ತೆರೆದದ್ದು ಆ ದೊರೆ ಸತ್ತ ಮೇಲೆ, 1716ರಲ್ಲಿ.

ಕಾಡಿನ ದಾರಿ, ಸೆರೆಮನೆಯ ದಾರಿ

ಇಟಲಿಯಲ್ಲಿ ಮೇಳಗಳು ತಿರುಗಾಡುತ್ತಿದ್ದ ಕಾಲದಲ್ಲೇ ಇಂಗ್ಲೆಂಡಿನಲ್ಲಿ ಎಲಿಜಬೆತ್ ರಾಣಿಯ ಆಳ್ವಿಕೆ. ನಾಟಕ ರಂಗವೇರುವ ಮೊದಲು ಆಸ್ಥಾನದ ಅಧಿಕಾರಿಯೊಬ್ಬ ಅದನ್ನು ಓದಿ ಒಪ್ಪಿಗೆ ನೀಡಬೇಕಿತ್ತು. ಈ ವ್ಯವಸ್ಥೆಯೊಳಗೆ ಇಬ್ಬರು ಮಹಾ ನಾಟಕಕಾರರು ಹಿಡಿದದ್ದು ಬೇರೆ ಬೇರೆ ದಾರಿ.

ಷೇಕ್ಸ್‌ಪಿಯರ್ ದೂರದ ಊರುಗಳಿಗೆ, ಕಾಡುಗಳಿಗೆ ಹೋದ. 1594ರ ಡಿಸೆಂಬರ್ 28ರಂದು ಲಂಡನ್ನಿನ ಗ್ರೇಸ್ ಇನ್ ಎಂಬ ವಕೀಲರ ವಿದ್ಯಾಸಂಸ್ಥೆಯಲ್ಲಿ ಆಡಿದ ‘ಕಾಮೆಡಿ ಆಫ್ ಎರರ್ಸ್’ಗೆ ಪ್ಲಾಟಸನ ಅವಳಿ ಸೋದರರ ನಾಟಕವೇ ಮೂಲ. ಪ್ಲಾಟಸನಲ್ಲಿ ಒಂದು ಜೊತೆ ಅವಳಿ. ಷೇಕ್ಸ್‌ಪಿಯರ್ ಅವರ ಆಳುಗಳನ್ನೂ ಅವಳಿಗಳನ್ನಾಗಿಸಿ ಗೊಂದಲವನ್ನು ಇಮ್ಮಡಿಗೊಳಿಸಿದ. ನಂತರದ ನಾಟಕಗಳಲ್ಲಿ ಹುಡುಗಿಯರು ಗಂಡುವೇಷ ತೊಟ್ಟು ಕಾಡು ಸೇರಿ, ತಾವು ಮೆಚ್ಚಿದವರಿಗೇ ಪ್ರೀತಿಯ ಪಾಠ ಹೇಳಿಕೊಡುತ್ತಾರೆ. ಆ ಹುಡುಗಿಯರ ಪಾತ್ರ ಮಾಡುತ್ತಿದ್ದವರು ಹುಡುಗರೇ ಎಂಬುದು ಇನ್ನೊಂದು ಸ್ವಾರಸ್ಯ. ಅವನ ನಗೆ ಯಾರನ್ನೂ ಹೆಸರು ಹಿಡಿದು ಚುಚ್ಚುವುದಿಲ್ಲ.

ಬೆನ್ ಜಾನ್ಸನ್ ಊರಿನೊಳಗೇ ನಿಂತ. ನಮ್ಮ ವಾತ, ಪಿತ್ತ, ಕಫಗಳಂತೆ ಯೂರೋಪಿನವರೂ ದೇಹದಲ್ಲಿ ನಾಲ್ಕು ರಸಗಳಿವೆ, ಅವುಗಳಲ್ಲಿ ಒಂದು ಉಕ್ಕಿದರೆ ಸ್ವಭಾವ ಕೆಡುತ್ತದೆ ಎಂದು ನಂಬಿದ್ದರು. ಒಂದೊಂದು ಪಾತ್ರವೂ ಒಂದೊಂದು ಹುಚ್ಚಿನ ಮೂರ್ತಿಯಾಗಿರುವ ‘ಹ್ಯೂಮರ್’ ಕಾಮೆಡಿಯನ್ನು ಜಾನ್ಸನ್ ಬೆಳೆಸಿದ. 1598ರ ಅವನ ಒಂದು ನಾಟಕದ ನಟರ ಪಟ್ಟಿಯಲ್ಲಿ ಷೇಕ್ಸ್‌ಪಿಯರನ ಹೆಸರೂ ಇದೆ. ಅವನ ನಗೆ ಸಮಕಾಲೀನ ಲಂಡನ್ನಿನ ಹಣದಾಸೆ, ಮೋಸಗಳ ಮೇಲೆ. ಅದಕ್ಕೆ ಬೆಲೆಯನ್ನೂ ತೆತ್ತ. 1597ರಲ್ಲಿ ಒಂದು ನಾಟಕಕ್ಕಾಗಿ, 1605ರಲ್ಲಿ ಸ್ಕಾಟ್ಲೆಂಡಿನವರನ್ನು ಗೇಲಿ ಮಾಡಿದ ಇನ್ನೊಂದು ನಾಟಕಕ್ಕಾಗಿ ಸೆರೆಮನೆ ಕಂಡ. ಆ ಹೊತ್ತಿಗೆ ಇಂಗ್ಲೆಂಡಿನ ಸಿಂಹಾಸನದ ಮೇಲಿದ್ದ ಜೇಮ್ಸ್ ದೊರೆ ಸ್ಕಾಟ್ಲೆಂಡಿನವನೇ ಆಗಿದ್ದ!

ಮೇಜಿನ ಕೆಳಗೆ ಕೂತ ಯಜಮಾನ

ಈ ಎಲ್ಲ ಎಳೆಗಳೂ ಒಂದೆಡೆ ಕೂಡಿದ್ದು ಮೊಲಿಯೇರನಲ್ಲಿ. ಆತನ ನಿಜನಾಮ ಜಾನ್ ಬಾಪ್ತಿಸ್ತ್ ಪೋಕ್ಲೆ. ಜನನ 1622. ತಂದೆ ಅರಮನೆಯ ಪೀಠೋಪಕರಣಗಳಿಗೆ ಮೆತ್ತೆ ಹೊದಿಕೆ ಒದಗಿಸುವ ಅನುಕೂಲಸ್ಥ. ಮಗ ಆ ಕಸುಬು ಬಿಟ್ಟು 1643ರಲ್ಲಿ ನಾಟಕ ಮಂಡಳಿ ಕಟ್ಟಿದ. ಎರಡೇ ವರ್ಷದಲ್ಲಿ ಸಾಲ ತೀರಿಸಲಾಗದೆ ಜೈಲು ಸೇರಿದ. ಬಿಡುಗಡೆಯಾದ ಮೇಲೆ ಹನ್ನೆರಡು ವರ್ಷಕ್ಕೂ ಮೇಲ್ಪಟ್ಟು ಹಳ್ಳಿ ಪಟ್ಟಣಗಳನ್ನು ಸುತ್ತಿದ. 1658ರ ಅಕ್ಟೋಬರ್ 24ರಂದು ದೊರೆಯ ಮುಂದೆ ಆಡುವ ಅವಕಾಶ ಸಿಕ್ಕಿತು. ಮಂಡಳಿ ಮೊದಲು ಆಡಿದ ರುದ್ರನಾಟಕ ಅಷ್ಟಕ್ಕಷ್ಟೇ. ಕೊನೆಗೆ ಆಡಿದ ಸಣ್ಣ ಪ್ರಹಸನ ದೊರೆಯನ್ನು ಗೆದ್ದಿತು. ಪ್ಯಾರಿಸ್ಸಿನಲ್ಲಿ ಅವನ ಮಂಡಳಿಗೆ ದೊರೆತ ರಂಗಮಂದಿರವನ್ನು ಇಟಲಿಯ ಮುಖವಾಡದ ಮೇಳದೊಂದಿಗೆ ಹಂಚಿಕೊಳ್ಳಬೇಕಿತ್ತು. ಅವರು ಒಂದು ದಿನ, ಇವರು ಒಂದು ದಿನ. ಮೊಲಿಯೇರ್ ಅವರಿಂದ ಕಲಿತದ್ದು ಸಾಕಷ್ಟು. ಅವರ ಮುಖವಾಡಗಳನ್ನು ಕಳಚಿ, ಒಳಗಿನ ಮಾದರಿಗಳಿಗೆ ಪ್ಯಾರಿಸ್ಸಿನ ಬಟ್ಟೆ ತೊಡಿಸಿದ ಎನ್ನಬಹುದು. 1668ರ ‘ಜಿಪುಣ’ ನಾಟಕದ ಬೇರು ಪ್ಲಾಟಸನಲ್ಲಿದೆ.

1664ರ ಮೇ 12ರಂದು ವರ್ಸೇಲ್ಸ್ ಅರಮನೆಯ ಉತ್ಸವದಲ್ಲಿ ಆತ ‘ತಾರ್ತೂಫ್’ ನಾಟಕದ ಮೂರು ಅಂಕಗಳ ರೂಪವನ್ನು ಆಡಿ ತೋರಿಸಿದ. ಅನಂತರ ಐದು ಅಂಕಗಳಾಗಿ ಬೆಳೆದ ಆ ನಾಟಕದ ಕಥೆ ಹೀಗೆ: ಓರ್ಗೋನ್ ಎಂಬ ಸ್ಥಿತಿವಂತ ಗೃಹಸ್ಥ ಚರ್ಚಿನಲ್ಲಿ ಪರಿಚಯವಾದ ತಾರ್ತೂಫ್ ಎಂಬ ಮಹಾ ‘ಭಕ್ತ’ನನ್ನು ಮನೆಗೆ ತಂದಿಟ್ಟುಕೊಳ್ಳುತ್ತಾನೆ. ಮಗಳನ್ನು ಅವನಿಗೇ ಕೊಡಹೊರಡುತ್ತಾನೆ. ಎದುರಾಡಿದ ಮಗನನ್ನು ಹೊರಗೆ ಹಾಕಿ ಆಸ್ತಿಯನ್ನೂ ಭಕ್ತನ ಹೆಸರಿಗೆ ಬರೆಯುತ್ತಾನೆ. ಭಕ್ತನ ಕಣ್ಣು ಮಾತ್ರ ಯಜಮಾನನ ಹೆಂಡತಿಯ ಮೇಲೆ. ಮನೆಯ ದಾಸಿ ದೋರೀನ್‌ಗೆ ಇದು ಮೊದಲೇ ಗೊತ್ತು. ಪ್ಲಾಟಸನ ಚತುರ ಆಳು ಇಲ್ಲಿ ಬಾಯಿಬಡುಕಿ ದಾಸಿಯಾಗಿ ಬಂದಿದ್ದಾಳೆ. ಕೊನೆಗೆ ಹೆಂಡತಿ ಗಂಡನನ್ನು ಮೇಜಿನ ಕೆಳಗೆ ಕೂರಿಸಿ, ಭಕ್ತನನ್ನು ಕರೆಸಿ ಮಾತಾಡಿಸುತ್ತಾಳೆ. ಭಕ್ತ ತನ್ನ ಬಣ್ಣ ತಾನೇ ಬಯಲು ಮಾಡಿಕೊಂಡರೂ ಗಂಡ ಬಹಳ ಹೊತ್ತು ಮೇಜಿನ ಕೆಳಗಿಂದ ಏಳುವುದೇ ಇಲ್ಲ! ನಂಬಿಕೆಗೆ ಬಿದ್ದವನಿಗೆ ಕಣ್ಣೆದುರಿನ ಸಾಕ್ಷ್ಯವೂ ಸಾಲದು ಎಂಬುದನ್ನು ಇದಕ್ಕಿಂತ ಚುರುಕಾಗಿ ತೋರಿಸಿದ ದೃಶ್ಯ ವಿರಳ.

ಮೊಲಿಯೇರನ ರಂಗತಂತ್ರವೂ ಗಮನಾರ್ಹ. ಮೊದಲ ಎರಡು ಅಂಕಗಳಲ್ಲಿ ತಾರ್ತೂಫ್ ರಂಗಕ್ಕೆ ಬರುವುದೇ ಇಲ್ಲ. ಉಳಿದವರು ಅವನ ವಿಷಯ ಮಾತಾಡುತ್ತಾರೆ, ಜಗಳವಾಡುತ್ತಾರೆ. ಮೂರನೆಯ ಅಂಕದಲ್ಲಿ ಆತ ಕಾಣಿಸಿಕೊಳ್ಳುವಷ್ಟರಲ್ಲಿ ಪ್ರೇಕ್ಷಕನಿಗೆ ಅವನ ಪೂರ್ತಿ ಪರಿಚಯವಾಗಿರುತ್ತದೆ. ಇವನು ನಿಜವಾದ ಭಕ್ತನೋ ಕಪಟಿಯೋ ಎಂಬ ಸಂಶಯ ಒಂದು ಕ್ಷಣವೂ ಬಾರದಿರಲಿ ಎಂಬ ಎಚ್ಚರಿಕೆಯೂ ಇದರಲ್ಲಿದೆ.

ಆದರೂ ಬಿರುಗಾಳಿ ಎದ್ದಿತು. ಭಕ್ತಿವಂತರ ಗುಪ್ತ ಸಂಘವೊಂದು ಆಡುವ ಮೊದಲೇ ನಾಟಕವನ್ನು ತಡೆಯಲು ಹೊಂಚಿತ್ತು. ಪಾದ್ರಿಯೊಬ್ಬ ಕರ್ತೃವನ್ನು ಸುಡಬೇಕೆಂದು ಬರೆದ. ದೊರೆ ನಾಟಕ ನೋಡಿ ನಕ್ಕಿದ್ದರೂ ಸಾರ್ವಜನಿಕ ಪ್ರದರ್ಶನಕ್ಕೆ ಒಪ್ಪಲಿಲ್ಲ. ಮೊಲಿಯೇರ್ ಅರ್ಜಿ ಬರೆದ, ಶ್ರೀಮಂತರ ಮನೆಗಳಲ್ಲಿ ಓದಿ ತೋರಿಸಿದ. 1667ರ ಆಗಸ್ಟ್ 5ರಂದು, ಪಾತ್ರದ ಹೆಸರು ಬದಲಿಸಿ, ಮಾತುಗಳನ್ನು ಮೆದುಗೊಳಿಸಿ ‘ವಂಚಕ’ ಎಂಬ ಹೆಸರಿನಲ್ಲಿ ಆಡಿದ. ದೊರೆ ಆಗ ಯುದ್ಧಕ್ಕೆ ಹೋಗಿದ್ದ. ಮರುದಿನವೇ ನ್ಯಾಯಾಧಿಪತಿ ಲಮುವಾನ್ಯೋ ಪ್ರದರ್ಶನ ನಿಲ್ಲಿಸಿದ. ನಾಲ್ಕೈದು ದಿನಗಳಲ್ಲಿ ಪ್ಯಾರಿಸ್ಸಿನ ಆರ್ಚ್‌ಬಿಷಪ್, ಈ ನಾಟಕವನ್ನು ನೋಡಿದವರಿಗೂ ಓದಿದವರಿಗೂ ಕೇಳಿದವರಿಗೂ ಧರ್ಮಬಹಿಷ್ಕಾರ ಎಂದು ಸಾರಿದ. ಇಬ್ಬರು ನಟರು ಯುದ್ಧದ ಬಿಡಾರಕ್ಕೇ ಧಾವಿಸಿ ದೊರೆಯಲ್ಲಿ ಬೇಡಿಕೊಂಡರೂ ಪ್ರಯೋಜನವಾಗಲಿಲ್ಲ. ಅಪ್ಪಣೆ ದೊರೆತು ನಾಟಕ ಮತ್ತೆ ರಂಗವೇರಿದ್ದು 1669ರ ಫೆಬ್ರವರಿ 5ರಂದು. ಜನ ಮುಗಿಬಿದ್ದು ನೋಡಿದರು.

ಮೊಲಿಯೇರನ ವಾದ ಸ್ಪಷ್ಟವಿತ್ತು. ತಾನು ನಗುತ್ತಿರುವುದು ಭಕ್ತಿಯನ್ನಲ್ಲ, ಭಕ್ತಿಯ ವೇಷವನ್ನು. ಬೈಗುಳಕ್ಕೆ ಬಗ್ಗದ ಜನ ನಗೆಗೆ ಬಗ್ಗುತ್ತಾರೆ ಎಂಬುದು ಅವನ ನಿಲುವು. ವಿರೋಧಿಗಳ ವಾದವನ್ನೂ ತಳ್ಳಿಹಾಕುವಂತಿಲ್ಲ. ವೇಷ ಯಾವುದು, ಭಕ್ತಿ ಯಾವುದು ಎಂದು ತೀರ್ಮಾನಿಸುವ ಹಕ್ಕು ಒಬ್ಬ ನಟನಿಗೆ ಕೊಟ್ಟವರು ಯಾರು ಎಂದು ಅವರು ಕೇಳಿದರು. ಜಗಳ ಇದ್ದದ್ದು ಆ ಹಕ್ಕಿನ ಮೇಲೆಯೇ. ಉಳಿದ ರೂಪದಲ್ಲಿ ನಾಟಕದ ಕೊನೆ ಗಮನಿಸುವಂಥದು. ಆಸ್ತಿ ಕಳೆದುಕೊಂಡ ಸಂಸಾರ ಬೀದಿಗೆ ಬೀಳುವ ಕ್ಷಣದಲ್ಲಿ ರಾಜಭಟ ಬಂದು, ಎಲ್ಲವನ್ನೂ ಬಲ್ಲ ದೊರೆಯ ಆಜ್ಞೆಯಂತೆ ತಾರ್ತೂಫನನ್ನು ಸೆರೆ ಹಿಡಿಯುತ್ತಾನೆ. ಅಪ್ಪಣೆ ಕೊಟ್ಟ ದೊರೆಗೆ ನಾಟಕದೊಳಗೂ ಒಂದು ಪೀಠ ಹಾಕಿಕೊಡಲಾಗಿತ್ತು.

ಕಾಯ್ದೆ ಬಂತು, ಆಳು ಮಾತಾಡಿದ

ಇಂಗ್ಲೆಂಡಿನಲ್ಲಿ ಪ್ಯೂರಿಟನ್ನರು 1642ರಲ್ಲಿ ಮುಚ್ಚಿಸಿದ್ದ ನಾಟಕಶಾಲೆಗಳು ರಾಜ ಮರಳಿದ ಮೇಲೆ, 1660ರಲ್ಲಿ ತೆರೆದವು. ನಟಿಯರು ಮೊದಲ ಬಾರಿಗೆ ಅಲ್ಲಿನ ವೃತ್ತಿರಂಗಕ್ಕೆ ಬಂದರು. ಆಫ್ರಾ ಬೆನ್ ಎಂಬ ಮಹಿಳೆ ನಾಟಕ ಬರೆದೇ ಜೀವನ ನಡೆಸಿದಳು. ವಿಚರ್ಲಿ, ಕಾಂಗ್ರೀವರ ‘ಶಿಷ್ಟಾಚಾರದ ಕಾಮೆಡಿ’ ಶ್ರೀಮಂತರ ಮದುವೆ, ಹಾದರ, ಹರಟೆಗಳನ್ನು ಮೊನಚು ಮಾತಿನಲ್ಲಿ ಬಯಲಿಗೆಳೆಯಿತು. ರಾಜಕೀಯಕ್ಕೂ ನಗೆ ಕೈಚಾಚಿದಾಗ ಮಾತ್ರ ಸರ್ಕಾರ ಎಚ್ಚೆತ್ತಿತು. ಹೆನ್ರಿ ಫೀಲ್ಡಿಂಗ್ ತನ್ನ ಪ್ರಹಸನಗಳಲ್ಲಿ ಪ್ರಧಾನಿ ವಾಲ್ಪೋಲನನ್ನು ಕುಟುಕಿದ. 1737ರಲ್ಲಿ ವಾಲ್ಪೋಲ್ ಪರವಾನಗಿ ಕಾಯ್ದೆ ತಂದ. ಪ್ರತಿ ಹೊಸ ನಾಟಕವೂ ಲಾರ್ಡ್ ಚೇಂಬರ್ಲಿನ್ ಎಂಬ ಅರಮನೆಯ ಅಧಿಕಾರಿಯ ಮೇಜನ್ನು ದಾಟಿಯೇ ಬರಬೇಕಾಯಿತು. ಫೀಲ್ಡಿಂಗ್ ರಂಗಭೂಮಿ ಬಿಟ್ಟು ಕಾದಂಬರಿ ಬರೆದ. ಇಂಗ್ಲಿಷ್ ಕಾದಂಬರಿಗೆ ಅದು ಲಾಭ; ನಾಟಕಕ್ಕೆ ನಷ್ಟ. ಮುಂದೆ ಗೋಲ್ಡ್‌ಸ್ಮಿತ್ (1773) ಮತ್ತು ಶೆರಿಡನ್ (1777) ಅಚ್ಚುಕಟ್ಟಾದ ನಗೆಯನ್ನು ಮರಳಿ ತಂದರಾದರೂ ಅದು ಮಂತ್ರಿಗಳನ್ನು ಮುಟ್ಟದ, ಹಜಾರದೊಳಗಿನ ನಗೆ.

ಫ್ರಾನ್ಸಿನಲ್ಲಿ ಪ್ಲಾಟಸನ ಆಳು ಕೊನೆಗೂ ತನ್ನ ಪರವಾಗಿಯೇ ಮಾತಾಡಿದ. ಬೋಮಾರ್ಷೆಯ ‘ಫಿಗಾರೊನ ಮದುವೆ’ಯಲ್ಲಿ ಆಳು ಫಿಗಾರೊ ಮದುವೆಯಾಗಬೇಕಾದ ಹುಡುಗಿಯ ಮೇಲೆ ಕೌಂಟ್ ಯಜಮಾನನ ಕಣ್ಣು. ಹಿಂದಿನ ಆಳುಗಳು ಯಜಮಾನನ ಮಗನ ಪ್ರೇಮಕ್ಕಾಗಿ ತಂತ್ರ ಹೂಡುತ್ತಿದ್ದರು. ಫಿಗಾರೊ ತನ್ನ ಮಾನಕ್ಕಾಗಿ ಹೂಡುತ್ತಾನೆ. ದೊಡ್ಡ ಮನೆಯಲ್ಲಿ ಹುಟ್ಟಿದ್ದನ್ನು ಬಿಟ್ಟರೆ ಈ ಕೌಂಟನ ಹೆಚ್ಚುಗಾರಿಕೆ ಏನೆಂದು ಒಂದು ದೀರ್ಘ ಸ್ವಗತದಲ್ಲಿ ಪ್ರಶ್ನಿಸುತ್ತಾನೆ. ಕಥೆ ನಡೆಯುವುದು ಸ್ಪೇನಿನಲ್ಲಿ ಎಂಬ ಹಳೆಯ ಗುರಾಣಿ ಇದ್ದರೂ ಹದಿನಾರನೆಯ ಲೂಯಿ ಮೋಸಹೋಗಲಿಲ್ಲ. ವರ್ಷಗಳ ಕಾಲ ಅಡ್ಡಿಪಡಿಸಿದ. 1784ರ ಏಪ್ರಿಲ್ 27ರಂದು ನಾಟಕ ರಂಗಕ್ಕೆ ಬಂದಾಗ ಚಪ್ಪಾಳೆ ತಟ್ಟಿದವರಲ್ಲಿ ಶ್ರೀಮಂತರೇ ಬಹುಮಂದಿ. ಐದು ವರ್ಷಗಳಲ್ಲಿ ಬಾಸ್ಟೀಲ್ ಸೆರೆಮನೆ ಬಿತ್ತು. ನಾಟಕ ಕ್ರಾಂತಿಯನ್ನು ತಂದಿತೆನ್ನುವುದು ಅತಿಶಯೋಕ್ತಿ. ಆದರೆ ಹಬ್ಬ ಮುಗಿದ ಮೇಲೂ ಬಿಚ್ಚಿಡಲಾಗದ ವೇದಿಕೆ ಅದಾಗಿತ್ತು.

ರಷ್ಯದಲ್ಲಿ ಗೊಗೊಲ್ ಬರೆದ ‘ಇನ್ಸ್‌ಪೆಕ್ಟರ್ ಜನರಲ್’ 1836ರಲ್ಲಿ ರಂಗವೇರಿದ್ದು ಚಕ್ರವರ್ತಿ ಒಂದನೆಯ ನಿಕೋಲಸನ ಸ್ವಂತ ಅಪ್ಪಣೆಯಿಂದ. ಲಂಚಕೋರ ಅಧಿಕಾರಿಗಳು ಪುಡಿಗಾಸಿಲ್ಲದ ಒಬ್ಬ ಶೋಕಿಲಾಲನನ್ನು ರಾಜಧಾನಿಯ ತಪಾಸಣಾಧಿಕಾರಿಯೆಂದು ತಿಳಿದು ಸತ್ಕರಿಸುವ ಕಥೆ ಅದು. ಅಧಿಕಾರಿವರ್ಗದ ಕೋಪಕ್ಕೆ ನೊಂದ ಗೊಗೊಲ್ ಅದೇ ವರ್ಷ ದೇಶ ಬಿಟ್ಟು ಹಲವು ವರ್ಷ ಹೊರಗಿದ್ದ.

ಮುಂದೆ ನಗೆ ಎರಡು ಕವಲಾಯಿತು. ಒಂದು, ಫ್ರಾನ್ಸಿನ ಫೇದೋ ಪರಿಪಕ್ವಗೊಳಿಸಿದ ಪ್ರಹಸನ. ಬಾಗಿಲುಗಳು ಗಡಿಯಾರದ ಹಲ್ಲುಗಾಲಿಗಳಂತೆ ತೆರೆದು ಮುಚ್ಚುತ್ತ, ಎದುರಾಗಬಾರದವರು ಸರಿಯಾಗಿ ಎದುರಾಗುವ ಆಟ. ಇನ್ನೊಂದು, ಮಾತಿನ ಮತ್ತು ವಿಚಾರದ ಕಾಮೆಡಿ. 1895ರ ಫೆಬ್ರವರಿ 14ರಂದು ಲಂಡನ್ನಿನಲ್ಲಿ ಆಸ್ಕರ್ ವೈಲ್ಡನ ‘ದಿ ಇಂಪಾರ್ಟೆನ್ಸ್ ಆಫ್ ಬೀಯಿಂಗ್ ಅರ್ನೆಸ್ಟ್’ ತೆರೆಕಂಡಿತು. ಎರಡು ತಿಂಗಳೊಳಗೆ, ಸಲಿಂಗ ಸಂಬಂಧದ ಆರೋಪದ ಮೇಲೆ ಲೇಖಕನ ಬಂಧನವಾಯಿತು. ಜಾಹೀರಾತುಗಳಿಂದ ಅವನ ಹೆಸರನ್ನು ಅಳಿಸಿ ನಾಟಕ ನಡೆಸಿದರು, ಸ್ವಲ್ಪ ದಿನಗಳಲ್ಲಿ ಅದನ್ನೂ ನಿಲ್ಲಿಸಿದರು. ಬರ್ನಾರ್ಡ್ ಷಾ 1893ರಲ್ಲಿ ಬರೆದ, ವೇಶ್ಯಾವೃತ್ತಿಯ ಆರ್ಥಿಕ ಬೇರುಗಳನ್ನು ಚರ್ಚಿಸುವ ‘ಮಿಸೆಸ್ ವಾರನ್ಸ್ ಪ್ರೊಫೆಶನ್’ಗೆ ಇಂಗ್ಲೆಂಡಿನಲ್ಲಿ ಸಾರ್ವಜನಿಕ ಪರವಾನಗಿ ಸಿಕ್ಕಿದ್ದು 1920ರ ದಶಕದಲ್ಲಿ. ವಾಲ್ಪೋಲ್ ಆರಂಭಿಸಿದ ಪೂರ್ವಪರಿಶೀಲನೆ ಅಲ್ಲಿ ರದ್ದಾದದ್ದು 1968ರಲ್ಲಿ. ಅಂದರೆ 231 ವರ್ಷಗಳ ಬಳಿಕ.

ಎರಡೇ ವರ್ಷದಲ್ಲಿ, 1970ರಲ್ಲಿ, ಇಟಲಿಯ ದಾರಿಯೋ ಫೋ ಹಳೆಯ ಮುಖವಾಡದ ಮೇಳಗಳ ಪ್ರಹಸನ ತಂತ್ರವನ್ನು ಪೊಲೀಸ್ ಠಾಣೆಗೇ ನುಗ್ಗಿಸಿದರು. 1969ರಲ್ಲಿ ಮಿಲಾನಿನ ಪೊಲೀಸ್ ಕಚೇರಿಯ ಕಿಟಕಿಯಿಂದ ಬಿದ್ದು ಸತ್ತ ಬಂಧಿತ ಜುಸೆಪ್ಪೆ ಪಿನೆಲ್ಲಿಯ ಪ್ರಕರಣವೇ ಆ ನಾಟಕದ ವಸ್ತು. ಹುಚ್ಚನೊಬ್ಬ ನ್ಯಾಯಾಧೀಶನ ವೇಷದಲ್ಲಿ ಬಂದು ಪೊಲೀಸರ ಹೇಳಿಕೆಗಳನ್ನು ಅವರ ಬಾಯಿಂದಲೇ ಚಿಂದಿ ಮಾಡಿಸುತ್ತಾನೆ. ದೂರದ ಊರಿನ ಗುರಾಣಿಯನ್ನು ಬಹುಮಟ್ಟಿಗೆ ಬದಿಗಿಟ್ಟ ಈ ನಗೆ ಅರಿಸ್ಟೊಫನೀಸನ ಬಿಚ್ಚು ಮಾತಿಗೆ ಹತ್ತಿರವಾದದ್ದು. ಫೋ ಅವರಿಗೆ 1997ರಲ್ಲಿ ನೊಬೆಲ್ ಸಾಹಿತ್ಯ ಪ್ರಶಸ್ತಿ ಬಂತು.

ಕನ್ನಡದ ಮನೆಯಲ್ಲಿ ತಾರ್ತೂಫ್

ಈ ದೀರ್ಘ ಪಯಣದ ಒಂದು ಕವಲು ಕರ್ನಾಟಕಕ್ಕೂ ಹರಿದಿದೆ. ಎ.ಎನ್. ಮೂರ್ತಿರಾಯರು (1900-2003) ಮೊಲಿಯೇರನ ‘ತಾರ್ತೂಫ್’ ನಾಟಕವನ್ನು ಕನ್ನಡಕ್ಕೆ ಒಗ್ಗಿಸಿ ತಂದಾಗ ಅದಕ್ಕಿಟ್ಟ ಹೆಸರು ‘ಆಷಾಢಭೂತಿ’. ಮುಂದೆ 1991ರಲ್ಲಿ ‘ದೇವರು’ ಎಂಬ ವಿಚಾರಪೂರ್ಣ ಗ್ರಂಥ ಬರೆದು ಚರ್ಚೆಗೆ ಕಾರಣರಾದವರೂ ಇದೇ ಮೂರ್ತಿರಾಯರು.

ಆ ಹೆಸರನ್ನು ಅವರು ಹೊಸದಾಗಿ ಸೃಷ್ಟಿಸಬೇಕಾಗಿರಲಿಲ್ಲ. ಶಿಷ್ಯನ ಸೋಗಿನಲ್ಲಿ ಬಂದು, ವಿನಯದಿಂದ ಸೇವೆ ಮಾಡಿ ನಂಬಿಕೆ ಗಳಿಸಿ, ಸಂನ್ಯಾಸಿ ದೇವಶರ್ಮನ ಹಣದ ಗಂಟನ್ನು ಲಪಟಾಯಿಸಿದ ಆಷಾಢಭೂತಿ ಪಂಚತಂತ್ರದ ಕಥೆಯಲ್ಲಿ ಶತಮಾನಗಳಿಂದ ಕಾದು ಕುಳಿತಿದ್ದ. ಫ್ರೆಂಚ್ ಭಾಷೆಯಲ್ಲಿ ಇಂದು ‘ತಾರ್ತೂಫ್’ ಎಂದರೆ ಒಬ್ಬ ವ್ಯಕ್ತಿಯ ಹೆಸರಲ್ಲ. ಕಪಟಿಗೆ ಇನ್ನೊಂದು ಪದ. ಕನ್ನಡದಲ್ಲಿ ‘ಆಷಾಢಭೂತಿ’ ಎಂಬ ಮಾತಿಗೂ ಅದೇ ಅರ್ಥ. 1664ರಲ್ಲಿ ಪ್ಯಾರಿಸ್ಸಿನ ಧರ್ಮಾಧಿಕಾರಿಗಳು ರಂಗದಿಂದ ಹೊರಗಿಡಲು ಹೆಣಗಿದ ಆ ವೇಷಧಾರಿಗೆ ಇಲ್ಲಿ ಹೆಸರು, ಉಡುಪು, ಮನೆ ಎಲ್ಲವೂ ಸಿದ್ಧವಾಗಿದ್ದವು. ಅವನನ್ನು ಕಂಡೊಡನೆ ಗುರುತಿಸಿ ನಗಲು ಕನ್ನಡದ ಪ್ರೇಕ್ಷಕನಿಗೆ ಯಾವ ದೊರೆಯ ಅಪ್ಪಣೆಯೂ ಬೇಕಾಗಲಿಲ್ಲ.